ಹನ್ನೆರಡು ಬೂಟು

ಸಾಜಾವಾ ನದಿಯ ದಂಡೆಗೆ ಅಂಟಿಕೊಂಡಂತೆ ಒಂದು ಫುಟ್‌ಬಾಲ್ ಮೈದಾನವಿತ್ತು. ಚೆಕ್ ದೇಶದ ಎರಡನೇ ದರ್ಜೆಯ ಒಂದು ಕ್ಲಬ್ಬಿನದು. ಅಲ್ಲಿ ಗೋಲ್‌ಕೀಪರ್‌ಗಳಿಗೆ ಕಲಿಸುತ್ತಿದ್ದವರು ಓತಕರ್ ಮೇಷ್ಟ್ರು.

ಮೇಷ್ಟ್ರು ದೊಡ್ಡ ಜ್ಞಾನಿ ಎಂದು ಊರು ನಂಬಿತ್ತು. ಅವರು ಮಾತಾಡುತ್ತಿದ್ದುದು ಕಡಿಮೆ, ಅದಕ್ಕೆ. ಕಡಿಮೆ ಮಾತಾಡುತ್ತಿದ್ದುದು ಯಾಕೆಂದರೆ, ಇಪ್ಪತ್ತೆಂಟನೇ ವಯಸ್ಸಿನಲ್ಲಿ ಯಾರದೋ ಮೊಣಕಾಲು ಬಡಿದು ಅವರ ದವಡೆ ಮುರಿದಿತ್ತು. ಈ ಎರಡನೆಯ ವಿಷಯದಲ್ಲಿ ಊರಿಗೆ ಆಸಕ್ತಿ ಇರಲಿಲ್ಲ.

ಒಂದು ಚಳಿಗಾಲದ ಕೊನೆಯಲ್ಲಿ ಹತ್ತೊಂಬತ್ತರ ಲುಮೀರ್ ಅವರ ಮುಂದೆ ಬಂದು ನಿಂತ. ಮೊರಾವಿಯಾ ಕಡೆಯ ಹಳ್ಳಿಯವನು. ಕೈಯೆತ್ತಿ ಸ್ವಲ್ಪ ಹಾರಿದರೆ ಗೋಲಿನ ಅಡ್ಡಕಂಬ ಸಿಗುತ್ತಿತ್ತು. ಮುಂದೊಂದು ದಿನ ಪ್ರಾಗಿನ ದೊಡ್ಡ ಕ್ಲಬ್ಬಿಗೆ ಆಡುತ್ತೇನೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅನುಮಾನಪಡುವ ಅಭ್ಯಾಸವೇ ಅವನಿಗಿರಲಿಲ್ಲ.

“ಮೇಷ್ಟ್ರೇ, ಒಳ್ಳೇ ಗೋಲ್‌ಕೀಪರ್ ಆಗೋಕೆ ಮೊದಲು ಏನು ಗೊತ್ತಿರಬೇಕು?”

“ಗೋಲು ಎಲ್ಲಿದೆ ಅಂತ.”

ಲುಮೀರ್ ನಕ್ಕ. “ನನ್ನ ಬೆನ್ನ ಹಿಂದೆ ಇದೆ.”

“ತಿರುಗಿ ನೋಡದೆ ಹೇಳು. ನಿನ್ನಿಂದ ಎಡಗಡೆ ಕಂಬ ಎಷ್ಟು ದೂರ?”

“ಮೂರು ಗಜ.”

ಐದು ಗಜ ಇತ್ತು.

ಗೋಲ್‌ಕೀಪರನ ಕಷ್ಟವೇ ಇದು. ಮಿಕ್ಕ ಹತ್ತು ಜನ ತಮಗೆ ಬೇಕಾದ್ದನ್ನು ಎದುರಿಗಿಟ್ಟುಕೊಂಡು ಆಡುತ್ತಾರೆ. ಇವನೊಬ್ಬ ತಾನು ಕಾಯಬೇಕಾದ್ದಕ್ಕೆ ಬೆನ್ನು ಹಾಕಿ ನಿಲ್ಲುತ್ತಾನೆ. ತಿರುಗಿ ನೋಡಿದರೆ ಚೆಂಡು ತಪ್ಪುತ್ತದೆ. ನೋಡದಿದ್ದರೆ ಜಾಗ ತಪ್ಪುತ್ತದೆ.

ಮೇಷ್ಟ್ರು ಗೋಲಿನ ಮುಂದೆ ಹೋದರು. ಬೂಟಿನ ಹಿಮ್ಮಡಿಯನ್ನು ಹುಲ್ಲಿಗೆ ಒತ್ತಿ ಗೇಣುದ್ದದ ಒಂದು ಗೆರೆ ಎಳೆದರು.

“ಇದು ಎರಡೂ ಕಂಬಗಳ ನಟ್ಟನಡು. ಗಲಾಟೇಲಿ ಎಲ್ಲಿದೀನಿ ಅಂತ ಗೊತ್ತಾಗದೇ ಹೋದಾಗ ಕೆಳಗೆ ನೋಡು.”

ಬಹಳಷ್ಟು ಗೋಲ್‌ಕೀಪರ್‌ಗಳು ಹೀಗೆ ಗೆರೆ ಎಳೆದುಕೊಳ್ಳುತ್ತಾರೆ. ನಿಯಮದ ಪ್ರಕಾರ ಎಳೆಯುವಂತಿಲ್ಲ. ರೆಫರಿಗಳು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಾರೆ.

ನದಿ ಕಡೆಯ ಗೋಲು ಲುಮೀರನ ಅಭ್ಯಾಸಕ್ಕೆಂದು ನಿಗದಿಯಾಯಿತು. ಮಾರನೆಯ ದಿನ ಅವನು ಬರುವ ಹೊತ್ತಿಗೆ ಗೆರೆ ಸಿದ್ಧವಾಗಿತ್ತು. ಅದರ ಮಾರನೆಯ ದಿನವೂ. ಪ್ರತಿದಿನ ಬೆಳಿಗ್ಗೆ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದು, ಇಬ್ಬನಿಯಲ್ಲಿ ಬಗ್ಗಿ, ಹಿಂದಿನ ದಿನದ ಗುರುತನ್ನು ತುಳಿದು ಅಳಿಸಿ ಹೊಸತು ಎಳೆಯುತ್ತಿದ್ದರು.

“ನನ್ನನ್ನ ಸ್ವಂತ ಮಗನ ಥರ ನೋಡ್ಕೋತಾರೆ” ಎಂದು ಲುಮೀರ್ ಮನೆಗೆ ಫೋನ್ ಮಾಡಿ ಹೇಳಿದ.

ಮೊದಲ ತಿಂಗಳು ಅವನು ಹಿಡಿಯದ ಚೆಂಡಿರಲಿಲ್ಲ. ಎರಡನೆಯ ತಿಂಗಳು ಒಂದೊಂದು ಚೆಂಡು ಒಳಗೆ ಹೋಗತೊಡಗಿತು. ಎಲ್ಲವೂ ಎಡಗಡೆಯಿಂದ. ಬೆರಳ ತುದಿಗೆ ತಾಗಿ ಕಂಬದ ಪಕ್ಕ ಜಾರಿ ಹೋಗುವಂಥವು.

ಬಲಗಡೆ ಮಾತ್ರ ಕೋಟೆ.

ಲುಮೀರ್ ತನ್ನ ಎಡಗಾಲನ್ನು ಬೈದ. ಎಡಗಾಲಿಗೆಂದೇ ದಿನಕ್ಕೆ ನೂರು ಸಲ ಮೆಟ್ಟಿಲು ಹತ್ತಿದ. ಬೂಟು ಬದಲಿಸಿದ. ಕೈಗವಸು ಬದಲಿಸಿದ. ಕ್ಲಬ್ಬಿನ ಡಾಕ್ಟರು ಕಾಲನ್ನು ಮಡಚಿ, ಬಿಡಿಸಿ, ತಟ್ಟಿ ನೋಡಿ, ಇಂಥ ಕಾಲು ತಮಗಿದ್ದಿದ್ದರೆ ಡಾಕ್ಟರೇ ಆಗುತ್ತಿರಲಿಲ್ಲ ಎಂದರು.

ಮೇಷ್ಟ್ರು ಎಲ್ಲವನ್ನೂ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಈ ಸಲ ಮಾತ್ರ ದವಡೆ ನೋಯುತ್ತಿರಬೇಕು ಎಂದುಕೊಂಡರು ಜನ.

ಹನ್ನೊಂದನೇ ವಾರ, ಬುಧವಾರ, ಕ್ಲಬ್ಬಿನ ಮೊದಲ ಗೋಲ್‌ಕೀಪರನ ಬೆರಳು ಮುರಿಯಿತು.

ಕೋಚ್ ಲುಮೀರನನ್ನು ಕರೆದ. “ಶನಿವಾರ ನೀನು ಆಡ್ಬೇಕು. ಆದರೆ ನಿನ್ನ ಎಡಗಡೆ ತೂತು ಬಿದ್ದಿದೆ. ಶುಕ್ರವಾರದೊಳಗೆ ಮುಚ್ಚು. ಆಗ್ಲಿಲ್ವಾ, ಕಾಮಿಲ್ ಆಡ್ತಾನೆ, ನೀನು ನಾಲ್ಕನೇ ದರ್ಜೆಗೆ ಹೋಗ್ತೀಯ. ಅಲ್ಲಿ ಮೈದಾನದಲ್ಲಿ ಹಸು ಮೇಯುತ್ತೆ.”

ಕಾಮಿಲ್ ಎಂದರೆ ಮೂರನೆಯ ಗೋಲ್‌ಕೀಪರ್. ಮೂವತ್ತೆರಡು ವರ್ಷ, ದಪ್ಪ ಮೀಸೆ. ಮಿಕ್ಕಿಬ್ಬರಿಗೆ ಚೆಂಡು ಒದ್ದು ಕೊಡುವುದು, ಬಸ್ಸಿನಲ್ಲಿ ಎಲ್ಲರನ್ನೂ ನಗಿಸುವುದು ಅವನ ಕೆಲಸ. ಎರಡನ್ನೂ ಚೆನ್ನಾಗಿ ಮಾಡುತ್ತಿದ್ದ. ಆಡುವ ಆಸೆಯನ್ನು ಎಂದೋ ಬಿಟ್ಟಿದ್ದರಿಂದ ಅವನೊಬ್ಬನೇ ಆ ಕ್ಲಬ್ಬಿನಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದುದು.

ಲುಮೀರ್ ಮೇಷ್ಟ್ರ ಬಳಿಗೆ ಓಡಿದ.

“ಮೇಷ್ಟ್ರೇ, ನನ್ನ ಎಡಗಡೆಗೆ ಏನಾಗಿದೆ?”

“ನಿನ್ನ ಎಡಗಡೆಗೆ ಏನೂ ಆಗಿಲ್ಲ.”

“ಮತ್ತೆ ಚೆಂಡು ಯಾಕೆ ಹೋಗ್ತಿದೆ?”

ಮೇಷ್ಟ್ರು ನದಿಯ ಕಡೆಗೆ ಕೈ ತೋರಿಸಿದರು. “ನಾಳೆ ದೋಣಿಗೆ ಹೋಗು.”

ಗೋಲಿನ ಹಿಂದೆ ಹತ್ತು ಹೆಜ್ಜೆಗೆ ನದಿ. ಗುರಿ ತಪ್ಪಿದ ಚೆಂಡೆಲ್ಲ ನೀರಿಗೆ. ಅದಕ್ಕೆಂದೇ ಕ್ಲಬ್ಬು ಒಂದು ಚಪ್ಪಟೆ ದೋಣಿಯನ್ನೂ, ಉದ್ದ ಕೋಲಿಗೆ ಕಟ್ಟಿದ ಮೀನಿನ ಬಲೆಯನ್ನೂ ಇಟ್ಟಿತ್ತು. ಸೋತ ಆಟಗಾರರಿಗೆ ಶಿಕ್ಷೆಯಾಗಿ ಆ ಕೆಲಸ ಸಿಗುತ್ತಿತ್ತು.

“ಶನಿವಾರ ಮ್ಯಾಚ್ ಇದೆ, ಮೇಷ್ಟ್ರೇ! ನಾನು ಅಭ್ಯಾಸ ಮಾಡ್ಬೇಕು!”

“ನಿನ್ನ ಜಾಗದಲ್ಲಿ ಕಾಮಿಲ್ ಅಭ್ಯಾಸ ಮಾಡ್ತಾನೆ.”

“ಅವನು ಮಾಡಿದ್ರೆ ನನಗೇನು ಬಂತು?”

ಮೇಷ್ಟ್ರು ಆಗಲೇ ಹೊರಟುಹೋಗಿದ್ದರು.

ಗುರುವಾರ ಲುಮೀರ್ ದೋಣಿಯಲ್ಲಿ ಕೂತ. ನೀರಿನ ಮೇಲಿನ ಗಾಳಿ ಮೂಳೆಗೆ ಹೋಗುತ್ತಿತ್ತು. ಮೊದಲ ಒಂದು ಗಂಟೆಯಲ್ಲಿ ಬಂದದ್ದು ಏಳು ಚೆಂಡು ಮತ್ತು ಶೀನು. ಹಳ್ಳಿಯ ಮೈದಾನ, ಅಲ್ಲಿ ಮೇಯುವ ಹಸು, ಗೋಲಿನಲ್ಲಿ ನಿಂತ ತಾನು, ಎಲ್ಲ ಕಣ್ಣ ಮುಂದೆ ಬಂತು. ಮೇಷ್ಟ್ರಿಗೆ ಅರಳುಮರಳು ಎಂದು ತೀರ್ಮಾನಿಸಿದ.

ಎಂಟನೆಯ ಚೆಂಡನ್ನು ಎತ್ತಿ ತಲೆಯೆತ್ತಿದಾಗ ಅವನು ನಡುನದಿಯಲ್ಲಿದ್ದ. ಅಲ್ಲಿಂದ ಗೋಲಿನ ಬೆನ್ನು ನೇರವಾಗಿ ಕಾಣುತ್ತಿತ್ತು. ಬಲೆ, ಬಲೆಯಾಚೆ ಕಾಮಿಲನ ಬೆನ್ನು, ಅದರಾಚೆ ಮೈದಾನ.

ಕಾಮಿಲ್ ಬಲಕ್ಕೆ ಸರಿದು ನಿಂತಿದ್ದ. ಎಡಗಡೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ.

“ಕಾಮಿಲ್! ಎಡಕ್ಕೆ ಬಾರೋ!”

“ಏನೋ?”

“ಎಡಕ್ಕೆ! ಎಲ್ಲಿ ನಿಂತಿದೀಯ ನೀನು?”

“ನಿನ್ನ ಗೆರೆ ಮೇಲೇ ಇದೀನಿ ಕಣೋ! ಸುಮ್ನೆ ಮೀನು ಹಿಡಿ!”

ಚೆಂಡು ಬಂತು. ಕಾಮಿಲ್ ಎಡಕ್ಕೆ ಹಾರಿದ. ಬೆರಳ ತುದಿಗೆ ತಾಗಿ, ಕಂಬದ ಪಕ್ಕ ಜಾರಿ ಒಳಗೆ ಹೋಯಿತು.

ಲುಮೀರ್ ದೋಣಿಯನ್ನು ದಡಕ್ಕೆ ತರುವ ವ್ಯವಧಾನವಿಲ್ಲದೆ ಸೊಂಟದುದ್ದ ನೀರಿಗೆ ಇಳಿದ. ದೋಣಿ ತನ್ನಷ್ಟಕ್ಕೆ ತಾನು ಹರಿವಿನ ಜೊತೆ ತೇಲಿಹೋಯಿತು. ಅದನ್ನು ಮಾರನೆಯ ದಿನ ಮುಂದಿನ ಊರಿನಿಂದ ತರಿಸಬೇಕಾಯಿತು.

ಒದ್ದೆ ಬೂಟಿನಲ್ಲೇ ಗೋಲಿಗೆ ಬಂದು, ಬಲಗಂಬಕ್ಕೆ ಹಿಮ್ಮಡಿ ತಾಗಿಸಿ, ಒಂದು ಬೂಟಿನ ಮುಂದೆ ಇನ್ನೊಂದು ಬೂಟು ಇಡುತ್ತಾ ಹೋದ. ಕಂಬದಿಂದ ಕಂಬಕ್ಕೆ ಇಪ್ಪತ್ತನಾಲ್ಕು ಬೂಟು. ಅಂದರೆ ನಡುವಿಗೆ ಹನ್ನೆರಡು. ಗೆರೆ ಇದ್ದದ್ದು ಹತ್ತೂವರೆಗೆ.

ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು.

“ಗೆರೆ ತಪ್ಪಾಗಿದೆ!”

“ಹೌದು.”

“ನೀವೇ ಎಳೆದದ್ದು!”

“ಹೌದು.”

“ಮೊದಲಿಂದಲೂ ತಪ್ಪಿತ್ತಾ?”

“ಮೊದಲ ವಾರ ಸರಿ ಇತ್ತು. ಆಮೇಲೆ ವಾರಕ್ಕೆ ಎರಡು ಬೆರಳಿನಷ್ಟು ಬಲಕ್ಕೆ ತಗೊಂಡೆ.”

ಲುಮೀರ್ ಒದ್ದೆ ಬೂಟಿನಿಂದ ಗೆರೆಯನ್ನು ತುಳಿದ. “ಹನ್ನೊಂದು ವಾರ, ಮೇಷ್ಟ್ರೇ! ನನ್ನ ಕಾಲು ಕೆಟ್ಟಿದೆ ಅಂದ್ಕೊಂಡು ಅತ್ತಿದೀನಿ. ಯಾಕೆ ಹೇಳ್ಲಿಲ್ಲ?”

“ನೀನು ಕಾಲಿನ ವಿಷಯ ಕೇಳ್ದೆ, ಬೂಟಿನ ವಿಷಯ ಕೇಳ್ದೆ, ಡಾಕ್ಟರನ್ನೂ ಕೇಳ್ದೆ. ಗೆರೆ ವಿಷಯ ಇವತ್ತು ಕೇಳ್ತಿದೀಯ.”

ಕಾಮಿಲ್ ಮೀಸೆ ಒರೆಸಿಕೊಂಡ. “ಅಂದ್ರೆ ಈಗ ನಾನು ಬಿಟ್ಟ ಗೋಲೂ ನನ್ನ ತಪ್ಪಲ್ಲ, ಅಲ್ವಾ?”

“ನಿನ್ನದು ನಿನ್ನ ತಪ್ಪೇ” ಎಂದರು ಮೇಷ್ಟ್ರು.

ಶನಿವಾರ ಲುಮೀರ್ ಹನ್ನೆರಡು ಬೂಟು ಎಣಿಸಿ ತಾನೇ ಗೆರೆ ಎಳೆದುಕೊಂಡ. ಎಡಗಡೆ ಬಂದ ನಾಲ್ಕು ಚೆಂಡುಗಳನ್ನೂ ಹಿಡಿದ. ಹಸು ಮೇಯುವ ಮೈದಾನವನ್ನು ಅವನು ಮುಂದೆಂದೂ ನೋಡಲಿಲ್ಲ. ಮೊದಲ ಗೋಲ್‌ಕೀಪರನ ಬೆರಳು ಕೂಡಿಕೊಂಡಿತು, ಆದರೆ ಅಷ್ಟರಲ್ಲಿ ಅವನು ಎರಡನೆಯವನಾಗಿದ್ದ.

ಎರಡು ವರ್ಷಕ್ಕೆ ಪ್ರಾಗಿನ ಕ್ಲಬ್ಬು ಕರೆಯಿತು. ಅವನು ಮೊದಲೇ ಹೇಳಿದ್ದ ಕ್ಲಬ್ಬೇ. ಹೊರಡುವ ದಿನ ಕೇಳಿದ:

“ಮೇಷ್ಟ್ರೇ, ಹೊಸ ಜಾಗ. ಏನಾದ್ರೂ ಮಾತು ಹೇಳಿ.”

“ರೈಲು ಆರೂವರೆಗೆ.”

ಪ್ರಾಗಿನಲ್ಲಿ ಐದು ವರ್ಷ ಆಡಿ ಎರಡು ಕಪ್ ಗೆದ್ದ. ಆಮೇಲೆ ಜರ್ಮನಿ. ಅಲ್ಲಿ ನಾಲ್ಕು ವರ್ಷ ಬೆಂಚಿನ ಮೇಲೆ ಕಂಬಳಿ ಹೊದ್ದು, ತನಗಿಂತ ಕಡಿಮೆಯವನೆಂದು ತಾನು ನಂಬಿದ್ದ ಒಬ್ಬನ ಬೆನ್ನನ್ನು ನೋಡುತ್ತಾ ಕೂತ. ಗೋಲ್‌ಕೀಪರನ ಬಾಳಿನಲ್ಲಿ ಇದು ಸಾಮಾನ್ಯ. ಜಾಗ ಇರುವುದೇ ಒಂದು. ಮಿಕ್ಕವರು ಒಂದೆರಡು ನಿಮಿಷವಾದರೂ ಆಡಿ ಬರುತ್ತಾರೆ, ಎರಡನೆಯ ಗೋಲ್‌ಕೀಪರ್ ಚಹಾ ಕುಡಿಯುತ್ತಾನೆ. ಲುಮೀರ್ ನಾಲ್ಕು ವರ್ಷವೂ ಮುಂದಿನ ವಾರ ತನ್ನದೇ ಎಂದುಕೊಂಡ. ಕೊನೆಗೆ ಪ್ರಾಗಿಗೇ ಮರಳಿ ಬಂದು ಮತ್ತೆ ಮೊದಲನೆಯವನಾದ.

ಎಲ್ಲಿ ಹೋದರೂ ಹನ್ನೆರಡು ಬೂಟು ಬಿಡಲಿಲ್ಲ. ಮೊದಮೊದಲು ಆಟಕ್ಕೆ ಒಂದು ಸಲ ಎಣಿಸುತ್ತಿದ್ದ. ಆಮೇಲೆ ಎರಡು ಸಲ. ಬೂಟಿನ ಕಂಪನಿ ಬದಲಾದಾಗ ಟೇಪು ತಂದು ಬೂಟನ್ನೇ ಅಳೆದ.

ಸಂದರ್ಶನಗಳಲ್ಲಿ ಹೇಳುತ್ತಿದ್ದ: “ನನ್ನ ಗುರುಗಳು ಕಲಿಸಿದ್ದು ಒಂದೇ ಪಾಠ. ಯಾರ ಗೆರೆಯನ್ನೂ ನಂಬಬೇಡ.”

ಪತ್ರಿಕೆಗಳಿಗೆ ಇದು ಬಹಳ ಹಿಡಿಸಿತು. ಒಬ್ಬ ವರದಿಗಾರ ಸಾಜಾವಾ ದಂಡೆಗೇ ಬಂದು ಮೇಷ್ಟ್ರನ್ನು ಕೇಳಿದ.

“ನಾನು ಹಾಗೆ ಹೇಳಿಲ್ಲ” ಎಂದರು ಮೇಷ್ಟ್ರು.

“ಮತ್ತೆ ಏನು ಹೇಳಿದ್ರಿ?”

“ಏನೂ ಹೇಳಿಲ್ಲ. ಗೆರೆ ಎಳೆದೆ.”

ಮಾರನೆಯ ದಿನ ಅದು ಇನ್ನೂ ದಪ್ಪ ಅಕ್ಷರಗಳಲ್ಲಿ ಅಚ್ಚಾಯಿತು.

ಹೀಗೆ ಹದಿನೇಳು ವರ್ಷ ಕಳೆಯಿತು. ಲುಮೀರನಿಗೆ ಮೂವತ್ತಾರು. ಕಪ್ ಪಂದ್ಯಗಳ ಚೀಟಿ ಎತ್ತಿದಾಗ ಪ್ರಾಗಿನ ಕ್ಲಬ್ಬಿಗೆ ಸಾಜಾವಾ ದಂಡೆಯ ಆ ಸಣ್ಣ ಕ್ಲಬ್ಬು ಜೋಡಿಯಾಯಿತು. ಆಟ ಅಲ್ಲೇ, ಆ ಮೈದಾನದಲ್ಲೇ.

ಬಸ್ಸಿನಲ್ಲಿ ಪ್ರಾಗಿನ ಕೋಚ್ ಪಕ್ಕಕ್ಕೆ ಬಂದು ಕೂತ.

“ಲುಮೀರ್, ಬೆಂಚಿನ ಮೇಲೆ ಇಪ್ಪತ್ತೆರಡು ವರ್ಷದವನು ಕಾಯ್ತಿದಾನೆ. ಮುಂದಿನ ವರ್ಷ ಯಾರು ಮೊದಲನೆಯವನು ಅಂತ ಇವತ್ತಿನ ಆಟ ನೋಡಿ ಹೇಳ್ತೀನಿ. ಎರಡನೇ ದರ್ಜೆಯವರ ಎದುರು ನೀನು ಎಡವಿದ್ರೆ, ನಾನು ಮಾತು ಬೆಳೆಸೋದಿಲ್ಲ.”

“ಈಗಲೇ ಹೇಳ್ಬಿಡಿ. ನಾನೇ.”

“ಆಟ ಆಗ್ಲಿ.”

ಲುಮೀರನಿಗೆ ಬೆಂಚು ಗೊತ್ತಿತ್ತು. ಮೂವತ್ತಾರರಲ್ಲಿ ಅದರ ಮೇಲೆ ಕೂತವನು ಮತ್ತೆ ಏಳುವುದಿಲ್ಲ ಎಂಬುದೂ ಗೊತ್ತಿತ್ತು. ಅವನು ಕಿಟಕಿಯಾಚೆ ನೋಡಿ ಸೀಟಿ ಹಾಕಿದ.

ಮೊದಲರ್ಧ ಅವನಿಗೆ ಊರ ಕಡೆಯ ಗೋಲು. ಕೆಲಸವೇ ಇರಲಿಲ್ಲ. ಪ್ರಾಗ್ ಒಂದು ಗೋಲು ಹೊಡೆದು ಮುಂದಿತ್ತು. ಎರಡನೆಯರ್ಧಕ್ಕೆ ಬದಿ ಬದಲಾಗಿ ಅವನು ನದಿ ಕಡೆಯ ಗೋಲಿಗೆ ಬಂದ.

ಬಲೆಯ ಹಿಂದೆ, ನೀರಿನಲ್ಲಿ, ಅದೇ ಚಪ್ಪಟೆ ದೋಣಿ. ಅದರಲ್ಲಿ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಕೋಲುಬಲೆ ಹಿಡಿದು ಮೇಷ್ಟ್ರು. ಎಂಬತ್ತು ವರ್ಷ. ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಕೂರಲಾರದೆ, ಚೆಂಡು ಹೆಕ್ಕುವ ಕೆಲಸವನ್ನು ತಾವಾಗಿಯೇ ಕೇಳಿ ಪಡೆದಿದ್ದರು.

“ಮೇಷ್ಟ್ರೇ! ಚೆನ್ನಾಗಿದೀರಾ?”

“ಬೆನ್ನು ತೋರಿಸಿ ನಿಲ್ಲು. ಆಟ ಶುರುವಾಗುತ್ತೆ.”

ಲುಮೀರ್ ಕೆಳಗೆ ನೋಡಿದ. ಗೆರೆಯೊಂದು ಆಗಲೇ ಅಲ್ಲಿತ್ತು. ಮೊದಲರ್ಧ ಈ ಗೋಲು ಕಾದಿದ್ದ ಊರಿನ ಗೋಲ್‌ಕೀಪರ್ ಎಳೆದದ್ದು. ಅವನು ಮೇಷ್ಟ್ರ ಕೊನೆಯ ಶಿಷ್ಯ.

ಲುಮೀರ್ ಒಳಗೊಳಗೇ ನಕ್ಕ. ಮುದುಕರು ಬಿಡುವವರಲ್ಲ, ಹದಿನೇಳು ವರ್ಷದ ಮೇಲೂ ಅದೇ ಆಟ. ಬಲಗಂಬಕ್ಕೆ ಹಿಮ್ಮಡಿ ತಾಗಿಸಿ ಎಣಿಸಿದ. ಹನ್ನೆರಡನೆಯ ಬೂಟು ಸರಿಯಾಗಿ ಆ ಗೆರೆಯ ಮೇಲೆ ಬಿತ್ತು.

ಅವನ ನಗು ನಿಂತಿತು.

ಮತ್ತೊಮ್ಮೆ ಎಣಿಸಿದ. ಹನ್ನೆರಡು. ಗೆರೆ ಸರಿಯಾಗಿತ್ತು.

ತಪ್ಪಿದ್ದಿದ್ದರೆ ಸಮಾಧಾನವಾಗುತ್ತಿತ್ತು. ತಪ್ಪು ಗೆರೆಯನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತು. ಸರಿಯಾದ ಗೆರೆಯನ್ನು ಮೇಷ್ಟ್ರು ಯಾಕೆ ಎಳೆಸುತ್ತಾರೆ? ಇದರಲ್ಲಿ ಇನ್ನೇನೋ ಇದೆ. ಆಟ ಶುರುವಾದರೂ ಅವನ ತಲೆ ಅಲ್ಲೇ ಸುತ್ತುತ್ತಿತ್ತು. ಅರವತ್ತೈದನೇ ನಿಮಿಷಕ್ಕೆ ಹೊಳೆಯಿತು: ಕಂಬ!

ತಾನು ಅಳೆದದ್ದು ಬಲಗಂಬದಿಂದ ಮಾತ್ರ. ಎಡಗಂಬವನ್ನು ಅತ್ತ ಜರುಗಿಸಿದ್ದರೆ? ಇಡೀ ಗೋಲನ್ನೇ ಅಗಲ ಮಾಡಿದ್ದರೆ?

ಇದು ಹುಚ್ಚು ಯೋಚನೆ ಎಂದು ಬೇರೆ ಯಾರಿಗಾದರೂ ತಕ್ಷಣ ತಿಳಿಯುತ್ತಿತ್ತು. ಹತ್ತು ವಾರ ಸುಳ್ಳು ಗೆರೆಯ ಮೇಲೆ ನಿಂತಿದ್ದವನಿಗೆ ತಿಳಿಯಲಿಲ್ಲ.

ಎಪ್ಪತ್ತನೇ ನಿಮಿಷ. ಊರಿನವರಿಗೆ ಫ್ರೀ ಕಿಕ್ ಸಿಕ್ಕಿತು, ಗೋಲಿನಿಂದ ಇಪ್ಪತ್ತು ಗಜಕ್ಕೆ. ಇಂಥ ಹೊತ್ತಿನಲ್ಲಿ ಗೋಲ್‌ಕೀಪರ್ ಕಂಬದ ಬಳಿ ಹೋಗಿ, ತನ್ನವರನ್ನು ಸಾಲಾಗಿ ಗೋಡೆಯಂತೆ ನಿಲ್ಲಿಸಿ, ಓಡಿ ತನ್ನ ಜಾಗಕ್ಕೆ ಬರಬೇಕು. ಲುಮೀರ್ ಎಡಗಂಬದ ಬಳಿ ಹೋದ. ಗೋಡೆ ನಿಲ್ಲಿಸಿದ. ಓಡಿ ಬರಲಿಲ್ಲ.

ಎಡಗಂಬಕ್ಕೆ ಹಿಮ್ಮಡಿ ತಾಗಿಸಿ ಎಣಿಸತೊಡಗಿದ. ಒಂದು, ಎರಡು, ಮೂರು.

ರೆಫರಿ ಸೀಟಿ ಊದಿದ.

ಏಳು, ಎಂಟು.

“ಲುಮೀರ್!” ಎಂದು ಯಾರೋ ಕಿರುಚಿದರು.

ಒಂಬತ್ತನೆಯ ಬೂಟಿನ ಹೊತ್ತಿಗೆ ಚೆಂಡು ಅವನ ಬಲಗಡೆಯ ಖಾಲಿ ಮೂಲೆಯಲ್ಲಿ ಹೋಗಿ ಕೂತಿತು. ತೀರಾ ನಿಧಾನವಾದ ಒದೆತ. ನಿಂತಲ್ಲೇ ಕಾಲು ಚಾಚಿದ್ದರೆ ಸಾಕಿತ್ತು, ನಿಲ್ಲಬೇಕಾದಲ್ಲಿ ನಿಂತಿದ್ದರೆ.

ಆಟ ಸಮ, ಒಂದಕ್ಕೊಂದು. ಊರಿಗೆ ಊರೇ ಎದ್ದು ಕುಣಿಯಿತು. ಲುಮೀರ್ ಬೆಂಚಿನ ಕಡೆ ನೋಡಿದ. ಕೋಚ್ ಇಪ್ಪತ್ತೆರಡರವನ ಹೆಗಲು ಮುಟ್ಟಿ ಏನೋ ಹೇಳಿದ. ಅವನು ಎದ್ದು ಮೈ ಬಿಸಿ ಮಾಡಿಕೊಳ್ಳಲು ಓಡತೊಡಗಿದ.

ಲುಮೀರ್ ಬಲೆಯಿಂದ ಚೆಂಡು ತೆಗೆಯುವ ನೆಪದಲ್ಲಿ ಹಿಂದಕ್ಕೆ ಬಗ್ಗಿದ.

“ಮೇಷ್ಟ್ರೇ! ಕಂಬ ಜರುಗಿಸಿದ್ರಾ?”

“ನನಗೆ ಎಂಬತ್ತು ವರ್ಷ.”

“ನಿಜ ಹೇಳಿ. ಆ ಗೆರೆ ನೀವು ಎಳೆಸಿದ್ದಾ?”

“ಅವನೇ ಎಳ್ಕೊಂಡ.”

“ಸರಿ ಇದೆಯಾ?”

“ನೀನೇ ಎರಡು ಸಲ ಅಳೆದ್ಯಲ್ಲ.”

“ಅಳೆದೆ. ಸರಿ ಇತ್ತು. ಅದಕ್ಕೇ ಅನುಮಾನ ಬಂತು.”

ಮೇಷ್ಟ್ರು ಕೋಲುಬಲೆಯನ್ನು ದೋಣಿಯೊಳಗೆ ಎಳೆದುಕೊಂಡರು. ದೋಣಿ ಮೆಲ್ಲಗೆ ಅಲುಗಾಡುತ್ತಿತ್ತು.

“ನೀವೇ ಅಲ್ವಾ ಕಲಿಸಿದ್ದು?” ಲುಮೀರನ ದನಿ ಏರಿತು. “ಯಾವ ಗೆರೆಯನ್ನೂ ನಂಬಬಾರದು ಅಂತ? ಮತ್ತೆ ನಾನು ಏನು ಮಾಡ್ಬೇಕಿತ್ತು?”

“ಚೆಂಡು ಹಿಡೀಬೇಕಿತ್ತು.”

ರೆಫರಿ ಕೂಗಿದ. ಲುಮೀರ್ ಚೆಂಡನ್ನು ನಡುಮೈದಾನಕ್ಕೆ ಒದ್ದ. ಆಮೇಲೆ ಹದಿನೈದು ನಿಮಿಷ ಅವನತ್ತ ಒಂದು ಚೆಂಡೂ ಬರಲಿಲ್ಲ. ಬಂದಿದ್ದರೆ ವಾಸಿಯಾಗಿತ್ತು. ಸುಮ್ಮನೆ ನಿಂತವನ ಕಣ್ಣಿಗೆ ಬೀಳುತ್ತಿದ್ದುದು ಎರಡೇ: ಮೈದಾನದ ಅಂಚಿನಾಚೆ ಓಡುತ್ತಿದ್ದ ಇಪ್ಪತ್ತೆರಡರವನ ಕಾಲುಗಳು, ಕಾಲ ಕೆಳಗಿನ ಆ ಗೆರೆ.

ಎಂಬತ್ತಾರನೇ ನಿಮಿಷಕ್ಕೆ ಪ್ರಾಗ್ ಇನ್ನೊಂದು ಗೋಲು ಹೊಡೆಯಿತು. ಎರಡಕ್ಕೊಂದು. ಕೋಚ್ ಗಡಿಯಾರ ನೋಡಿಕೊಂಡ. ಇಪ್ಪತ್ತೆರಡರವನು ಮತ್ತೆ ಕೂತ. ಬದಲಾಯಿಸಿ ಪ್ರಯೋಜನವಾಗುವಷ್ಟು ಹೊತ್ತು ಉಳಿದಿರಲಿಲ್ಲ. ಲುಮೀರ್ ಇನ್ನೊಮ್ಮೆ ಎಡವುವಷ್ಟು ಉಳಿದಿತ್ತು.

ಕೊನೆಯ ನಿಮಿಷ. ಊರಿನವರಿಗೆ ಕಾರ್ನರ್. ಗೆದ್ದರೂ ಸೋತರೂ ಇದೇ ಕೊನೆ ಎಂದು ಅವರ ಗೋಲ್‌ಕೀಪರ್ ಕೂಡ ಓಡಿ ಬಂದ. ಗೋಲಿನ ಮುಂದೆ ಇಪ್ಪತ್ತು ಜನ. ತಳ್ಳಾಟ, ಬೈಗುಳ, ಕೆಸರು. ಅಷ್ಟು ಕಾಲುಗಳ ಕೆಳಗೆ ಗೆರೆ ಹುಡುಕಿದರೂ ಸಿಗದಂತಾಯಿತು.

“ಸಾರ್, ಗೆರೆ ಅಳಿಸೋಯ್ತು” ಎಂದ ಊರಿನ ಗೋಲ್‌ಕೀಪರ್, ಲುಮೀರನ ಪಕ್ಕೆಗೆ ಮೊಣಕೈ ಒತ್ತುತ್ತಾ. ನಿಜವಾಗಿಯೂ ವಿನಯದಿಂದಲೇ ಹೇಳಿದ. ಮೇಷ್ಟ್ರ ಶಿಷ್ಯರಿಗೆ ನಡತೆ ಚೆನ್ನಾಗಿರುತ್ತಿತ್ತು.

“ನೋಡಿದೆ. ಮೊಣಕೈ ತೆಗಿ.”

ಚೆಂಡು ಗಾಳಿಯಲ್ಲಿ ಬಂತು. ಯಾರದೋ ತಲೆ ತಾಗಿತು, ಇನ್ಯಾರದೋ ಬೆನ್ನು ತಾಗಿತು, ಕೆಳಗೆ ಬಿತ್ತು. ಆರು ಗಜದಿಂದ ಒಂದು ಕಾಲು ಅದನ್ನು ಒದೆಯಿತು. ಎಡಗಡೆಗೆ. ಕಂಬದ ಪಕ್ಕಕ್ಕೆ.

ಲುಮೀರ್ ಹಾರಿದ.

ಬೆರಳ ತುದಿಗೆ ತಾಗಿತು. ಜಾರಲಿಲ್ಲ. ಮೇಲಕ್ಕೆ ಚಿಮ್ಮಿ, ಅಡ್ಡಕಂಬ ದಾಟಿ, ಬಲೆ ದಾಟಿ ಹೋಯಿತು. ಒಂದು ಕ್ಷಣ ಮೈದಾನವಿಡೀ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನೀರಿಗೆ ಏನೋ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ರೆಫರಿ ಆಟ ಮುಗಿಸಿದ.

ಕೋಚ್ ಮೈದಾನಕ್ಕೆ ಬಂದು ಅವನ ಬೆನ್ನಿಗೆ ಗುದ್ದಿದ. “ಇನ್ನೊಂದು ವರ್ಷ ನೀನೇ. ಆದರೆ ಇನ್ನೊಮ್ಮೆ ಬೂಟು ಎಣಿಸೋದು ಕಂಡ್ರೆ, ಬರಿಗಾಲಲ್ಲಿ ಆಡಿಸ್ತೀನಿ.”

“ಬಸ್ಸಲ್ಲೇ ಹೇಳಿದ್ನಲ್ಲ, ನಾನೇ ಅಂತ.”

ಜೊತೆಯವರು ಹಾಡುತ್ತಾ ಒಳಗೆ ಹೋದರು. ಲುಮೀರ್ ಬಲೆಯ ಹಿಂದಕ್ಕೆ ನಡೆದು ದಡದಲ್ಲಿ ಕುಕ್ಕರಗಾಲಲ್ಲಿ ಕೂತ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಮೇಷ್ಟ್ರು ದೋಣಿಯನ್ನು ಹೊರಳಿಸಿ, ತೇಲಿಹೋಗುತ್ತಿದ್ದ ಚೆಂಡಿನ ಹಿಂದೆ ಕೋಲುಬಲೆ ಚಾಚಿದ್ದರು. ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು.

“ಮೇಷ್ಟ್ರೇ.”

“ಹೂಂ.”

“ಈ ಕೊನೇ ಚೆಂಡಿಗೆ ನಾನು ಕೆಳಗೆ ನೋಡ್ಲೇ ಇಲ್ಲ. ನೀವು ಹಿಂದಿಂದ ನೋಡ್ತಿದ್ರಲ್ಲ, ಹೇಳಿ. ನಾನು ಎಲ್ಲಿ ನಿಂತಿದ್ದೆ? ಸರಿಯಾಗಿ ನಡುವಲ್ಲಿ ಇದ್ನಾ?”

ಮೇಷ್ಟ್ರು ದೋಣಿಯನ್ನು ದಡಕ್ಕೆ ತಂದರು. ಬಲೆ ಕೊಡವಿ, ನೀರು ಸೋರುತ್ತಿದ್ದ ಚೆಂಡನ್ನು ಅವನ ಕೈಗಿಟ್ಟರು.

“ಗೊತ್ತಿಲ್ಲ ಕಣೋ. ನಾನು ಚೆಂಡು ನೋಡ್ತಿದ್ದೆ.”